ಗುಡುಗು ಪೆಟ್ಟಿಗೆಗೆ ಹೂ ಕೇಳಿದ್ದು

ದೀಪು ಆ ಪೆಟ್ಟಿಗೆಗೆ ಒಂದೇ ಒಂದು ಸಲ ಒದ್ದು ಸುಮ್ಮನಾಗಿದ್ದರೆ ಬೈರಾಪಟ್ಟಣದಲ್ಲಿ ಅವತ್ತು ಏನೂ ಆಗುತ್ತಿರಲಿಲ್ಲ. ಅವನು ನಾಲ್ಕು ಸಲ ಒದ್ದ.

ದೀಪುವಿಗೆ ಇಪ್ಪತ್ತೇಳು ವರ್ಷ. ಬೆಳಗಿನ ಹೊತ್ತು ಊರಿನ ಡೇರಿಯಲ್ಲಿ ಹಾಲು ಅಳೆಯುವುದು ಅವನ ಕೆಲಸ, ಮಿಕ್ಕ ಹೊತ್ತೆಲ್ಲ ಗಿಟಾರು. ಗಿಟಾರ್ ಅಂದ ಕೂಡಲೆ ಹಾಡು ನುಡಿಸುತ್ತಾನೆ ಅಂದುಕೊಳ್ಳಬೇಡಿ. ತಂತಿಗೆ ಚಮಚ ಉಜ್ಜುತ್ತಾನೆ, ಬಳೆ ಚೂರು ಸಿಕ್ಕಿಸುತ್ತಾನೆ, ಬಂದ ಸದ್ದನ್ನು ರೆಕಾರ್ಡ್ ಮಾಡಿ ಕಣ್ಣು ಮುಚ್ಚಿ ಕೇಳುತ್ತಾನೆ. ಆ ಸದ್ದಿಗೆ ಒಂದು ಆಳ ಬೇಕು, ಗುಂಯ್ ಅನ್ನಬೇಕು ಅಂತ ಎರಡು ವರ್ಷದಿಂದ ಒದ್ದಾಡುತ್ತಿದ್ದ. ಡೇರಿಯ ಖಾಲಿ ಕ್ಯಾನಿನೊಳಗೆ ಸ್ಪೀಕರ್ ಇಳಿಬಿಟ್ಟು ನೋಡಿದ್ದೂ ಆಯಿತು, ಸೆಕ್ರೆಟರಿ ಕೈಲಿ ಉಗಿಸಿಕೊಂಡಿದ್ದೂ ಆಯಿತು. ಕೊನೆಗೆ, ಇನ್ನು ಅಸಲಿ ಸ್ಪ್ರಿಂಗ್ ರಿವರ್ಬ್ ಪೆಟ್ಟಿಗೆಯೇ ಗತಿ ಅಂತ ದುಡ್ಡು ಕೂಡಿಟ್ಟ.

ಚನ್ನಪಟ್ಟಣದಲ್ಲಿ ಮೈಕ್‌ಸೆಟ್ ಅಂಗಡಿ ಇಟ್ಟಿರುವ ಮುನಾವರ್ ಆ ಶುಕ್ರವಾರ ಬೆಳಿಗ್ಗೆ ಸ್ಕೂಟರಿನಲ್ಲಿ ಎರಡು ಪೆಟ್ಟಿಗೆ ತಂದಿಳಿಸಿದ.

"ನೋಡು ದೀಪು, ಎರಡ್ರ ಒಳಗೂ ಸ್ಪ್ರಿಂಗೇ. ಗಿಟಾರ್ ಸದ್ದು ಈ ಕಡೆಯಿಂದ ಒಳಕ್ಕೋಗ್ತದೆ, ಸ್ಪ್ರಿಂಗಲ್ಲಿ ನಡುಗ್ತದೆ, ಆ ಕಡೆಯಿಂದ ಗುಂಯ್ ಅಂತ ಬತ್ತದೆ. ಸಣ್ದು ಹೊಸಾದು, ಕ್ಲೀನು. ದೊಡ್ದು ಹಳೇದು, ಉದ್ದುದ್ದ ಮೂರು ಸ್ಪ್ರಿಂಗು. ಒಸಿ ಗುರ್ ಅಂತದೆ, ಆದ್ರೆ ಗುಂಯ್ ಅನ್ನಕ್ಕೆ ಶುರುವಾದ್ರೆ ನಿಲ್ಲೋದೇ ಇಲ್ಲ. ಯಾವ್ದಾದ್ರೂ ಒಂದ್ ಇಟ್ಕೊ. ಇನ್ನೊಂದನ್ನ ಕನಕಪುರದೋರಿಗೆ ಒಪ್ಕೊಂಬುಟ್ಟಿದೀನಿ. ಐದು ಗಂಟೆಗೆ ಬತ್ತೀನಿ."

ದೀಪು ಮೊದಲು ಸಣ್ಣದಕ್ಕೆ ಗಿಟಾರ್ ಸಿಕ್ಕಿಸಿದ. ಅಚ್ಚುಕಟ್ಟಾದ ಸದ್ದು. ಗುಂಡಿ ತಿರುಗಿಸಿದರೆ ತಿರುಗಿಸಿದಷ್ಟೇ ಗುಂಯ್ ಅಂದು, ಸಾಕು ಅಂದಾಗ ಸಾಕು ಮಾಡಿತು. ಆಮೇಲೆ ದೊಡ್ಡದು. ಒಂದು ತಂತಿ ಮೀಟಿದ್ದೇ ತಡ, ಹಾಳುಬಾವಿಗೆ ಕಲ್ಲು ಬಿದ್ದ ಹಾಗೆ ಸದ್ದು ಕೆಳಗಿಳಿಯಿತು, ಇಳಿಯುತ್ತಲೇ ಹೋಯಿತು. ದೀಪುವಿನ ಮೈ ಜುಮ್ಮೆಂದಿತು. ಸ್ಪ್ರಿಂಗ್ ಪೆಟ್ಟಿಗೆಗೆ ಒದ್ದರೆ ಗುಡುಗು ಬರುತ್ತದೆ ಅಂತ ಎಲ್ಲೋ ಕೇಳಿದ್ದ. ವಾಲ್ಯೂಮ್ ಪೂರ್ತಿ ಏರಿಸಿ ಒದ್ದ. ಮನೆಯ ಹೆಂಚು ಅದುರಿತು.

"ಇದೇ! ನಂಗೆ ಇದೇ ಬೇಕು!" ಅಂತ ಕುಣಿದಾಡಿ, ಯಾವುದಕ್ಕೂ ಇರಲಿ ಅಂತ ಇನ್ನೂ ಮೂರು ಸಲ ಒದ್ದ.

ರಾಗಿ ಕಾಲ. ಗಾಡಿ ಹತ್ತಿ ತುಳಿಯಲಿ ಅಂತ ಬೀದಿಯ ಉದ್ದಕ್ಕೂ ತೆನೆ ಹರಡಿದ್ದರು. ಹೋದ ವರ್ಷ ಹೊತ್ತಲ್ಲದ ಹೊತ್ತಿನಲ್ಲಿ ಮಳೆ ಬಂದು ತೆನೆಯೆಲ್ಲ ಮೊಳೆತುಹೋಗಿದ್ದರಿಂದ ಜನಕ್ಕೆ ಗುಡುಗು ಅಂದರೆ ಸಾಕು, ಆಕಾಶ ನೋಡುವಷ್ಟು ಪುರಸೊತ್ತೂ ಇರಲಿಲ್ಲ. ಎದುರುಮನೆ ಶಿವಲಕ್ಷ್ಮಿ, "ಅಯ್ಯಯ್ಯೋ, ಬಂತು ಕಣ್ರವ್ವಾ ಮಳೆ!" ಅಂತ ಕೂಗಿದಳು. ಉಣ್ಣುತ್ತಿದ್ದವರು ಮುದ್ದೆ ಬಿಟ್ಟು ಎದ್ದು ಓಡಿಬಂದರು. ಅರ್ಧ ಗಂಟೆಯಲ್ಲಿ ಬೀದಿಯ ರಾಗಿಯೆಲ್ಲ ಟಾರ್ಪಾಲಿನ ಕೆಳಗೆ ಸೇರಿತು. ಬೆವರು ಒರೆಸಿಕೊಂಡು ತಲೆ ಎತ್ತಿ ನೋಡಿದರೆ ಆಕಾಶದಲ್ಲಿ ಕೈಯಗಲ ಮೋಡವಿಲ್ಲ, ಬಿಸಿಲು ಚುರುಗುಟ್ಟುತ್ತಿದೆ.

"ಲೇ, ಗುಡುಗು ಬಂದಿದ್ದು ಮೇಲಿಂದಲ್ಲ ಕಣ್ರಲಾ, ದೀಪು ಮನೆಯಿಂದ!" ಅಂದ ಪಕ್ಕದ ಮನೆ ದಾಸಪ್ಪ. ಅವನು ದನದ ದಲ್ಲಾಳಿ.

ಹತ್ತು ಹನ್ನೆರಡು ಜನ ಒಳಗೆ ನುಗ್ಗಿದರು. ದೀಪು ಕಕ್ಕಾಬಿಕ್ಕಿಯಾಗಿ ಎರಡೂ ಪೆಟ್ಟಿಗೆ ತೋರಿಸಿ, ಇವುಗಳಲ್ಲಿ ಒಂದನ್ನು ತಗೊಳ್ಳಬೇಕು, ಅದಕ್ಕೇ ನೋಡುತ್ತಿದ್ದೆ ಅಂದ. ಬೈಯಲು ಬಂದವರು ಬೈಯುವುದನ್ನು ಮರೆತರು. ತಗೊಳ್ಳುವ ವಿಷಯ ಅಂದರೆ ಸಲಹೆ ಕೊಡದೆ ಇರಲಾದೀತೆ?

ದಾಸಪ್ಪ ದೊಡ್ಡ ಪೆಟ್ಟಿಗೆಯನ್ನು ಸುತ್ತು ಹಾಕಿ, ಬೆನ್ನು ಸವರಿ, ಬಗ್ಗಿ ಕೆಳಗೆ ನೋಡಿ, "ವಯಸ್ಸಾಗೈತೆ. ಸಣ್ದು ತಗೊ, ಸಾಧು ಐತೆ" ಅಂದ.

"ಸಣ್ದೇ ತಗೊಳಪ್ಪ, ಪುಣ್ಯ ಬತ್ತದೆ. ನಮ್ ರಾಗಿ ಒಣಗ್ಬೇಕು" ಅಂದಳು ಶಿವಲಕ್ಷ್ಮಿ.

"ಷೋಕೇಸಲ್ಲಿ ಮಡಗಕ್ಕೂ ಸಣ್ದೇ ಚೆಂದ ಕಲಾ" ಅಂದಳು ದೀಪುವಿನ ಅವ್ವ ಕೃಷ್ಣಮ್ಮ.

"ಅವ್ವಾ, ದೊಡ್ದ್ರಲ್ಲಿ ಸ್ಪ್ರಿಂಗ್ ಉದ್ದ ಐತೆ, ಸದ್ದು ಆಳವಾಗಿ ಬತ್ತದೆ..." ಅಂದ ದೀಪು. ಯಾರೂ ಕೇಳಿಸಿಕೊಳ್ಳಲಿಲ್ಲ. ಗಂಟೆ ಮೂರಾದರೂ ಮಾತು ಬಗೆಹರಿಯದೆ ಕೃಷ್ಣಮ್ಮ ಎದ್ದು ನಿಂತಳು. "ನಮಗ್ಯಾಕೆ ರಗಳೆ? ಮಾರಮ್ಮನ್ನೇ ಹೂ ಕೇಳಾಣ ನಡೀರಿ."

ಆ ಊರಲ್ಲಿ ಬೋರ್ ಕೊರೆಸಲಿ, ಹೆಣ್ಣು ತರಲಿ, ಮಾರಮ್ಮನ ಹೂ ಕೇಳದೆ ಯಾರೂ ಕೈ ಹಾಕುವುದಿಲ್ಲ. ಅಮ್ಮನ ಎರಡು ಭುಜಕ್ಕೂ ಒದ್ದೆ ಹೂ ಅಂಟಿಸಿ ಕೈ ಮುಗಿದು ನಿಲ್ಲುವುದು. ಬಲಗಡೆಯದು ಬಿದ್ದರೆ ಆಗಲಿ ಅಂತ, ಎಡಗಡೆಯದು ಬಿದ್ದರೆ ಬೇಡ ಅಂತ. ಈಗೊಂದು ತೊಂದರೆಯಿತ್ತು. ಮೂರು ವಾರದಿಂದ ಅಮ್ಮ ಯಾರಿಗೂ ಹೂವನ್ನೇ ಕೊಟ್ಟಿರಲಿಲ್ಲ. ಹೂ ಬೀಳದಿದ್ದರೆ ಜನ ಸೇರಿ ಸಣ್ಣದನ್ನೇ ತಲೆಗೆ ಕಟ್ಟುತ್ತಾರೆ. ಅದನ್ನು ನೆನೆದೇ ದೀಪುವಿಗೆ ಅಳು ಬರುವಂತಾಯಿತು. ಆದರೆ ಗುಡಿಯ ಮೆಟ್ಟಿಲು ಹತ್ತುವಷ್ಟರಲ್ಲಿ ಒಂದು ಉಪಾಯ ಹೊಳೆಯಿತು.

"ಪೂಜಾರಣ್ಣ, ಸದ್ದನ್ನೇ ಕೇಳ್ದೆ ಅಮ್ಮ ಹೆಂಗ್ ಹೇಳ್ತಾಳೆ? ಎರಡನ್ನೂ ಒಂದೊಂದ್ಸಲ ಕೇಳಿಸ್ಬುಡ್ಲಾ?" ಅಂದ.

ಪೂಜಾರಿ ಚಿಕ್ಕಯ್ಯ ಗಡ್ಡ ಕೆರೆದುಕೊಂಡ. "ನ್ಯಾಯ್ವಾಗೈತೆ. ಕೇಳ್ಸು" ಅಂದು ಅಮ್ಮನ ಎರಡು ಭುಜಕ್ಕೂ ಹೂ ಅಂಟಿಸಿದ.

ದೀಪು ಮನೆಯಿಂದ ಗಿಟಾರು, ಪೆಟ್ಟಿಗೆ ಎಲ್ಲ ತಂದು, ಸ್ಪೀಕರನ್ನು ಅಮ್ಮನ ಪೀಠಕ್ಕೆ, ಬಲಗಡೆಗೇ, ಒರಗಿಸಿಟ್ಟ. ಮೊದಲು ಸಣ್ಣ ಪೆಟ್ಟಿಗೆಯನ್ನು ಮೆಲ್ಲಗೆ ನುಡಿಸಿದ. ಹೂ ಅಲ್ಲಾಡಲಿಲ್ಲ. ಆಮೇಲೆ ದೊಡ್ಡದಕ್ಕೆ ಸಿಕ್ಕಿಸಿ, ವಾಲ್ಯೂಮ್ ತುದಿ ಮುಟ್ಟಿಸಿ, ಮನಸ್ಸಿನಲ್ಲೇ "ತಪ್ಪಾಯ್ತು ಕಣವ್ವಾ" ಅಂದುಕೊಂಡು ಒದ್ದ. ಗುಡಿ ಗುಡುಗಿತು. ತೂಗುಹಾಕಿದ್ದ ಗಂಟೆ ತಾನಾಗೇ ಟಣ್ ಅಂದಿತು. ಬಲಗಡೆ ಹೂ ಟಪ್ಪಂತ ಉದುರಿತು.

"ಕೊಟ್ಳು! ಬಲಗಡೆ ಕೊಟ್ಳು!" ಜನ ಗಲ್ಲಗಲ್ಲ ಬಡಿದುಕೊಂಡರು. ದೀಪುವಿಗೆ ಹಿಡಿಸಲಾರದ ಸಂತೋಷ. ಓಡಿಹೋಗಿ ಪೆಟ್ಟಿಗೆ ಎತ್ತಿಕೊಳ್ಳಲು ಬಗ್ಗಿದ.

"ಏಯ್, ಮುಟ್ಬ್ಯಾಡ!" ಅಂದ ಚಿಕ್ಕಯ್ಯ.

"ಯಾಕಣ್ಣ? ದೊಡ್ದೇ ತಗೊ ಅಂತ ಅಮ್ಮ..."

"ತಗೊ ಅಂತ ನಿಂಗ್ ಹೇಳುದ್ಲಾ? ಮೂರು ವಾರ ತುಟಿಪಿಟಕ್ಕನ್ದೆ ಕೂತಿದ್ದ ತಾಯಿ ಇದರ ಸದ್ದು ಕಿವಿಗೆ ಬಿದ್ದ ಗಳಿಗೆಗೆ ಹೂ ಕೊಟ್ಟವ್ಳೆ. ಅಮ್ಮ ಒಪ್ಪಿದ್ ವಸ್ತು ಗುಡಿ ಬುಟ್ಟು ಹೊರಕ್ಕೋಯ್ತದೇನ್ಲಾ?"

ದೀಪು ಬಾಯಿ ತೆರೆದ. 'ಅಮ್ಮ ಕೊಟ್ಟಿದ್ದಲ್ಲ, ಸ್ಪೀಕರ್ ಅದುರಿಸಿ ನಾನೇ ಬೀಳಿಸಿದ್ದು' ಅನ್ನುವ ಮಾತು ನಾಲಿಗೆ ತುದಿಯವರೆಗೂ ಬಂತು. ಸುತ್ತ ನಿಂತಿದ್ದ ಅರುವತ್ತು ಜನರ ಮುಖ ನೋಡಿದ. ಹಾಗಂದರೆ ಈ ಊರಲ್ಲಿ ಮತ್ತೆ ಯಾರೂ ನೀರು ಕೊಡುವುದಿಲ್ಲ ಅಂತ ಖಾತ್ರಿಯಾಗಿ ಬಾಯಿ ಮುಚ್ಚಿದ. ಅಷ್ಟರಲ್ಲಿ ಪೆಟ್ಟಿಗೆಗೆ ಅರಿಶಿನ ಕುಂಕುಮ ಬಿದ್ದು, ಚೆಂಡುಹೂವಿನ ಹಾರವೂ ಆಗಿತ್ತು.

ಐದು ಗಂಟೆಗೆ ಮುನಾವರ್ ಗುಡಿಯ ಹತ್ತಿರವೇ ಬಂದ. ದೊಡ್ಡದಕ್ಕೆ ಗುಡಿಯ ಕಡೆಯಿಂದಲೇ ದುಡ್ಡು ಕೊಟ್ಟರು. ದೀಪುವಿಗೆ ಹೋದ ಜೀವ ಬಂದಂತಾಯಿತು. "ಹಂಗಾದ್ರೆ ನನ್ ದುಡ್ಡು ಹಂಗೇ ಐತಲ್ಲ! ಮುನಾವರಣ್ಣ, ಕನಕಪುರದೋರಿಗೆ ಏನಾದ್ರೂ ಹೇಳು. ಸಣ್ದು ನಂಗಿರ್ಲಿ. ಅದೂ ಚೆನ್ನಾಗೇ ಐತೆ."

ಕೃಷ್ಣಮ್ಮ ಹೌಹಾರಿದಳು. "ಅಮ್ಮ ತಿರುಗ್ಕೊಂಡೂ ನೋಡ್ದೆ ಇರೋ ಪೆಟ್ಗೆ ನಮ್ಮನೆ ಹೊಸಿಲು ದಾಟಾದಾ? ನಾನ್ ಸತ್ರೂ ಆಗಾಕಿಲ್ಲ!"

"ನೀನೇ ಚೆಂದ ಅಂದ್ಯಲ್ಲವ್ವಾ!"

"ಅದು ಅಮ್ಮ ಹೇಳಕ್ಕೆ ಮುಂಚೆ."

ಮುನಾವರ್ ಪಾಪ ಅನ್ನುವಂತೆ ಒಮ್ಮೆ ನೋಡಿ, ಸಣ್ಣ ಪೆಟ್ಟಿಗೆಯನ್ನು ಸ್ಕೂಟರಿಗೆ ಕಟ್ಟಿಕೊಂಡು ಕನಕಪುರದ ದಾರಿ ಹಿಡಿದ. ದೀಪು ಅದು ಕಣ್ಮರೆಯಾಗುವ ತನಕ ನೋಡುತ್ತ ನಿಂತ.

ಒಳಗಿನಿಂದ ಕರೆ ಬಂತು. ಮೂರು ವಾರದಿಂದ ಹೂ ಸಿಗದೆ ಕಾದಿದ್ದವರೆಲ್ಲ ಸಾಲು ನಿಂತಿದ್ದರು. ಎಲ್ಲರಿಗಿಂತ ಮುಂದೆ ದಾಸಪ್ಪ ಹೆಂಡತಿಯ ಜೊತೆ ನಿಂತಿದ್ದ. ಹೆಂಡತಿ ತನ್ನ ತವರಿನ ಕಡೆಯ ಗಂಡನ್ನು ಮಗಳಿಗೆ ಗೊತ್ತು ಮಾಡಿ, ಅಮ್ಮನ ಅಪ್ಪಣೆ ಕೇಳಲು ಬಂದಿದ್ದಳು.

"ಇನ್ಮೇಲೆ ಕಾಲಲ್ಲಿ ಒದಿಯಂಗಿಲ್ಲ, ಕೈಯಲ್ಲಿ ತಟ್ಬೇಕು. ವಾರವಾರ ನೀನೇ ಬಂದು ತಟ್ಬೇಕು" ಅಂತ ಚಿಕ್ಕಯ್ಯ ಎಲ್ಲರಿಗೂ ಕೇಳುವ ಹಾಗೆ ಹೇಳಿದ. ಆಮೇಲೆ ತೀರ್ಥ ಕೊಡುವ ನೆಪದಲ್ಲಿ ಬಗ್ಗಿ, ದೀಪುವಿನ ಕಿವಿಯಲ್ಲಿ ಮೆಲ್ಲಗೆ ಅಂದ:

"ಸ್ಪೀಕರ್ನ ಈಗ ಎಡಗಡೆಗೆ ಒರಗ್ಸು ಕಣ್ಲಾ. ದಾಸಪ್ಪಂಗೆ ಆ ಸಂಬಂಧ ಇಷ್ಟ ಇಲ್ವಂತೆ."