ಪೂಜೆಗೆ ಕೂತ ಸ್ಪ್ಯಾನರು

"ತನ್ನ ಗಾಡಿಯ ಎಂಜಿನ್ ಆಯಿಲ್ ತಾನೇ ಬದಲಾಯಿಸೋಕೆ ಬರದೋನು ಗಾಡಿಗೆ ಯಜಮಾನ ಅಲ್ಲ ಕಣೇ, ಬರೀ ಪ್ಯಾಸೆಂಜರು!" ಎಂದು ಮೃತ್ಯುಂಜಯನವರು ಆಯುಧಪೂಜೆಯ ದಿನ ಬೆಳಗ್ಗೆ ಆರೂವರೆಗೆ, ಪಂಚೆ ಎತ್ತಿ ಕಟ್ಟಿ, ಪೋರ್ಟಿಕೋದಲ್ಲಿ ನಿಂತು ಘೋಷಿಸಿದರು.

ಬಾಗಿಲಿಗೆ ಮಾವಿನಸೊಪ್ಪು ಕಟ್ಟುತ್ತಿದ್ದ ಪಾರ್ವತಮ್ಮ ತಿರುಗಿಯೂ ನೋಡಲಿಲ್ಲ. ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಅವರು ಇಂಥ ಘೋಷಣೆಗಳನ್ನು ಬೇಕಾದಷ್ಟು ಕೇಳಿದ್ದರು. ಮಿಕ್ಸಿ ರಿಪೇರಿಗೆ ಅಂಗಡಿ ಯಾಕೆ ಅಂದಿದ್ದರು ಯಜಮಾನರು; ಆಮೇಲೆ ಆರು ತಿಂಗಳು ಪಾರ್ವತಮ್ಮ ಒರಳುಕಲ್ಲಿನಲ್ಲಿ ಚಟ್ನಿ ರುಬ್ಬಿದರು. ಸಂಪಿನ ಮೋಟಾರು ಒಂದು ಮೋಟಾರಾ ಅಂದಿದ್ದರು. ಆ ವಾರವೆಲ್ಲ ಮನೆಮಂದಿ ಪಕ್ಕದ ಮನೆಯಿಂದ ನೀರು ಹೊತ್ತರು. ಮದುವೆಯಾದ ಹೊಸದರಲ್ಲಿ ಗಂಡನ ಈ ಧೈರ್ಯ ಕಂಡರೆ ಪಾರ್ವತಮ್ಮನಿಗೆ ಹೆಮ್ಮೆಯಾಗುತ್ತಿತ್ತು. ಆಮೇಲೆ ಕೆಲವು ವರ್ಷ ಸಿಟ್ಟು ಬರುತ್ತಿತ್ತು. ಈಗ ಸುಸ್ತು, ಅಷ್ಟೆ.

"ಇವತ್ತೇ ಯಾಕ್ರೀ? ಮಧ್ಯಾಹ್ನ ಊಟದ ಹೊತ್ತಿಗೆ ನಂಜನಗೂಡಲ್ಲಿರಬೇಕು."

"ಅದಕ್ಕೇ ಇವತ್ತು. ಹೊಸ ಎಣ್ಣೆ ಹಾಕಿಸ್ಕೊಂಡು, ಪೂಜೆ ಮಾಡಿಸ್ಕೊಂಡು ಹೊರಟ್ರೆ ಗಾಡಿಗೂ ಒಂದು ಕಳೆ. ಒಂದು ಗಂಟೆ ಕೆಲಸ ಕಣೇ."

'ಒಂದು ಗಂಟೆ ಕೆಲಸ' ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ಪಾರ್ವತಮ್ಮನ ಮೊಣಕಾಲು ನೋಯಲು ಶುರುವಾಯಿತು.

ಗಾಡಿಯ ವಿಷಯ ಹೇಳಲೇಬೇಕು. ಮೃತ್ಯುಂಜಯನವರದು ಊದುಬತ್ತಿ ವ್ಯಾಪಾರ. ಸ್ಕೂಟರಿನಲ್ಲೇ ಅರ್ಧ ಆಯುಷ್ಯ ಕಳೆದವರಿಗೆ ಎರಡು ಸಾವಿರದ ಐದನೇ ಇಸವಿಯಲ್ಲಿ ಏನು ಗ್ರಹಗತಿಯೋ, ಬೆಂಗಳೂರಿನ ಒಬ್ಬ ಬಿಲ್ಡರ್ ಓಡಿಸಿ ಬೇಸತ್ತಿದ್ದ ಫಾರಿನ್ ಗಾಡಿಯೊಂದನ್ನು ಕೊಂಡು ತಂದರು. ಆನೆಮರಿಯಷ್ಟು ಎತ್ತರ. ಒಳಗೆ ಚರ್ಮದ ಸೀಟು. ಕಂಪನಿಯ ಹೆಸರನ್ನು ಯಜಮಾನರು ದಿನಕ್ಕೊಂದು ರೀತಿ ಉಚ್ಚರಿಸುತ್ತಿದ್ದುದರಿಂದ ಮನೆಯಲ್ಲಿ ಎಲ್ಲರೂ ಅದನ್ನು 'ದೊಡ್ಡ ಗಾಡಿ' ಎಂದೇ ಕರೆಯುತ್ತಿದ್ದರು. ಬಂದು ಮೂರು ತಿಂಗಳಾಗಿತ್ತು. ಪಾರ್ವತಮ್ಮ ಅದರಲ್ಲಿ ಕೂತಿದ್ದು ಎರಡೇ ಸಲ. ಒಮ್ಮೆ ದೇವಸ್ಥಾನಕ್ಕೆ, ಇನ್ನೊಮ್ಮೆ ಪೆಟ್ರೋಲ್ ಬಂಕಿಗೆ. ಮಿಕ್ಕ ದಿನವೆಲ್ಲ ಯಜಮಾನರು ಅದನ್ನು ಒರೆಸುತ್ತಿದ್ದರು.

ಆದ್ದರಿಂದ ಇವತ್ತಿನ ಪ್ರಯಾಣದ ಮೇಲೆ ಪಾರ್ವತಮ್ಮನ ಜೀವವೇ ಇತ್ತು. ಪ್ರತಿ ವರ್ಷ ಆಯುಧಪೂಜೆಗೆ ನಂಜನಗೂಡಿನಲ್ಲಿ ಅಣ್ಣ ಸಿದ್ದಲಿಂಗಸ್ವಾಮಿಯ ಮನೆಯಲ್ಲಿ ಊಟ. ಪ್ರತಿ ವರ್ಷವೂ ಅವರು ಬಸ್ಸಿನಲ್ಲಿ ನಿಂತು, ಬೆವೆತು, ಹೂವು ಬಾಡಿಸಿಕೊಂಡು ಇಳಿದಿದ್ದರು. ಈ ಸಲ ಆ ಕಿರಿದಾದ ಬೀದಿ ತುಂಬ ದೊಡ್ಡ ಗಾಡಿ ನಿಲ್ಲಬೇಕು. ಜಗಲಿಗಳ ಮೇಲಿಂದ ಜನ ಎದ್ದು ನೋಡಬೇಕು. ತಾವು ಮೆಲ್ಲಗೆ ಇಳಿಯಬೇಕು. ಇಷ್ಟೇ ಅವರ ಆಸೆ. ಇದನ್ನು ಅವರು ಯಾರಿಗೂ ಹೇಳಿರಲಿಲ್ಲ.

ಮೃತ್ಯುಂಜಯನವರು ಪಾರ್ವತಮ್ಮ ಬಟ್ಟೆ ನೆನೆಹಾಕುವ ಟಬ್ಬನ್ನು ಹೇಳದೆ ಕೇಳದೆ ಎತ್ತಿಕೊಂಡು ಗಾಡಿಯ ಕೆಳಗೆ ತೆವಳಿದರು. ಎಣ್ಣೆ ಇಳಿಸುವ ಬೋಲ್ಟಿಗೆ ಹದಿನೇಳನೇ ನಂಬರ್ ಸ್ಪ್ಯಾನರ್ ಹಾಕಿ, ಉಸಿರು ಬಿಗಿಹಿಡಿದು, ಕುಲದೇವರನ್ನು ನೆನೆದು ತಿರುಗಿಸಿದರು. ಬೋಲ್ಟು ಬಿಟ್ಟಿತು. ಅದರ ಹಿಂದೆಯೇ ಕಪ್ಪೆಣ್ಣೆ ಧಾರೆಯಾಗಿ ಇಳಿಯಿತು. ಬೋಲ್ಟು ಕೈಜಾರಿ ಟಬ್ಬಿನೊಳಗೆ ಮುಳುಗಿತು.

"ಬಿತ್ತಾ?" ಎಂದರು ಪಾರ್ವತಮ್ಮ.

"ಬೀಳ್ಲಿ ಬಿಡೇ. ಎಣ್ಣೆ ಪೂರ್ತಿ ಸೋರಿದ ಮೇಲೆ ತೆಗೆದು ಹಾಕ್ತೀನಿ. ಇದಕ್ಕೆಲ್ಲ ಒಂದು ಕ್ರಮ ಇರುತ್ತೆ."

ಎಣ್ಣೆ ಸೋರುತ್ತಿರುವಾಗ ಫೋನು ಬಂತು. ನಂಜನಗೂಡಿನಿಂದ ಸಿದ್ದಲಿಂಗಸ್ವಾಮಿ. ಎಷ್ಟು ಹೊತ್ತಿಗೆ ಬರ್ತೀರಾ ಭಾವ ಅಂತ ಅವರು ಕೇಳಿದ್ದು ಒಂದೇ ಮಾತು. ಅದಕ್ಕೆ ಮೃತ್ಯುಂಜಯನವರು ಎಂಜಿನ್ನಿನ ರಚನೆಯಿಂದ ಶುರುಮಾಡಿ ಎಣ್ಣೆಯ ಗುಣಧರ್ಮದವರೆಗೆ ಅರ್ಧ ಗಂಟೆ ಉಪನ್ಯಾಸ ಕೊಟ್ಟರು. ಅಷ್ಟರಲ್ಲಿ ಪೂಜೆಗೆ ಹೊತ್ತಾಯಿತೆಂದು ಪಾರ್ವತಮ್ಮ ಅವರನ್ನು ಸ್ನಾನಕ್ಕೆ ಅಟ್ಟಿದರು. ನೆಲದ ಮೇಲೆ ಬಿದ್ದಿದ್ದ ಸ್ಪ್ಯಾನರು, ಸುತ್ತಿಗೆ, ಕಟಿಂಗ್ ಪ್ಲೇಯರು ಎಲ್ಲವನ್ನೂ ಬಾಚಿಕೊಂಡು, ಸೀಗೆಪುಡಿ ಹಾಕಿ ತಿಕ್ಕಿ ತೊಳೆದು, ವಿಭೂತಿ ಮೂರು ಗೆರೆ ಎಳೆದು, ಕುಂಕುಮವಿಟ್ಟು, ಈಳಿಗೆಮಣೆ, ಕತ್ತರಿ, ಕುಡುಗೋಲಿನ ಪಕ್ಕದಲ್ಲಿ ದೇವರ ಕೋಣೆಯಲ್ಲಿ ಸಾಲಾಗಿ ಕೂರಿಸಿದರು.

ಆ ಮನೆಯಲ್ಲಿ ಒಂದು ಕಟ್ಟಲೆಯಿತ್ತು. ಒಳಗೆ ಪೂಜೆಗೆ ಕೂತ ಆಯುಧ ಮರುದಿನ ವಿಜಯದಶಮಿಯ ಬೆಳಗಿನವರೆಗೆ ಏಳುವಂತಿಲ್ಲ. ಮುಟ್ಟಿದರೆ ವರ್ಷವಿಡೀ ಆ ಕೈಗೆ ಕೆಲಸ ಹತ್ತುವುದಿಲ್ಲವಂತೆ. ತರಕಾರಿಯನ್ನೂ ಹಿಂದಿನ ದಿನವೇ ಹೆಚ್ಚಿಟ್ಟುಕೊಳ್ಳಬೇಕು. ಅತ್ತೆಯಿಂದ ಪಾರ್ವತಮ್ಮನಿಗೆ ಬಂದ ಈ ಕಟ್ಟಲೆಯನ್ನು ಅವರು ಅತ್ತೆಗಿಂತ ಒಂದು ಕೈ ಹೆಚ್ಚಾಗಿಯೇ ನಡೆಸುತ್ತಿದ್ದರು.

ಸ್ನಾನ ಮುಗಿಸಿ ಬಂದ ಮೃತ್ಯುಂಜಯನವರು ಭಕ್ತಿಯಿಂದ ಮಂಗಳಾರತಿ ಬೆಳಗಿದರು. ಹದಿನೇಳನೇ ನಂಬರಿನ ಮೇಲೆ ಸ್ವತಃ ಒಂದು ಸೇವಂತಿಗೆ ಇಟ್ಟರು. ಆಮೇಲೆ ಹೊರಗೆ ಬಂದು ನೋಡಿದರೆ ನೆಲ ಸ್ವಚ್ಛ, ಒಂದು ಸ್ಪ್ಯಾನರೂ ಇಲ್ಲ. ಹಾಗಾದರೆ ಕೆಲಸ ಮುಗಿದಿರಲೇಬೇಕು ಎಂದು ಅವರ ಬುದ್ಧಿ ತೀರ್ಪು ಕೊಟ್ಟಿತು. ಐದೈದು ಲೀಟರಿನ ಎರಡು ಕ್ಯಾನು ತಂದಿಟ್ಟಿದ್ದರು. ಒಂದನ್ನು ಎತ್ತಿ, ಬಾನೆಟ್ ತೆರೆದು, ಅಭಿಷೇಕ ಮಾಡುವವರಂತೆ ಸುರಿಯತೊಡಗಿದರು.

ಪಾರ್ವತಮ್ಮ ಚಕ್ರಗಳ ಮುಂದೆ ನಿಂಬೆಹಣ್ಣು ಇಡುತ್ತಿದ್ದರು. ಅವರು ಬೆಳಗ್ಗೆ ಸೊಂಟ ಬಗ್ಗಿಸಿ ಹಾಕಿದ್ದ ಹದಿನೈದು ಚುಕ್ಕಿಯ ರಂಗೋಲಿಯೊಳಕ್ಕೆ ಏನೋ ಹೊಳೆಯುತ್ತಾ ಹರಿದುಬಂತು.

"ರೀ, ನಿಮ್ಮ ಗಾಡಿ ಒಂದಕ್ಕೆ ಹೋಗ್ತಾ ಇದೆ."

"ಏನು?"

"ಬಗ್ಗಿ ನೋಡಿ."

ಮೃತ್ಯುಂಜಯನವರು ಬಗ್ಗಿ ನೋಡಿದರು. ಮೇಲಿನಿಂದ ಹೋದ ಹೊಸ ಎಣ್ಣೆ, ಎಂಜಿನ್ನಿಗೆ ಒಂದು ನಮಸ್ಕಾರ ಹೇಳಿ, ನೇರವಾಗಿ ಕೆಳಗಿಳಿದು, ತುಂಬಿದ ಟಬ್ಬಿನಿಂದ ಉಕ್ಕಿ ಹೊರಟಿತ್ತು. ಮೂರು ಲೀಟರು ರಂಗೋಲಿಯ ಪಾಲಾಗಿತ್ತು. ಮಡಿಪಂಚೆಯಲ್ಲೇ ಅವರು ಮಂಡಿಯೂರಿ, ಕೈಯನ್ನು ಮೊಣಕೈಯವರೆಗೆ ಟಬ್ಬಿನಲ್ಲಿ ಮುಳುಗಿಸಿ, ಬಹಳ ಹೊತ್ತು ತಡಕಾಡಿ ಬೋಲ್ಟನ್ನು ಹಿಡಿದು ತೆಗೆದರು.

"ಗಾಬರಿ ಏನೂ ಇಲ್ಲ. ಪುಸ್ತಕದಲ್ಲಿ ಏಳು ಲೀಟರ್ ಸಾಕು ಅಂತಿದೆ, ಏಳು ಉಳಿದಿದೆ. ಆ ಸ್ಪ್ಯಾನರ್ ಕೊಡು."

"ಯಾವ ಸ್ಪ್ಯಾನರು?"

"ಹದಿನೇಳು."

"ಅದು ಪೂಜೆಗೆ ಕೂತಿದೆ."

"ಏಳಿಸು."

"ಏಳಿಸೋದಾ? ಏನಂದ್ಕೊಂಡಿದೀರಾ? ಹೂವಿಟ್ಟೋರು ನೀವೇ ಅಲ್ವಾ?"

"ಹಾಗಾದ್ರೆ ಗಾಡಿ ಓಡಿಸಬಹುದಾ? ಅದಕ್ಕೂ ಪೂಜೆ ಆಯ್ತಲ್ಲ?"

"ಗಾಡಿಗೆ ಹೊರಗಡೆ ಪೂಜೆ, ಅದು ಓಡಬಹುದು. ದೇವರ ಕೋಣೇಲಿ ಕೂತಿದ್ದು ಬೇರೆ. ವಾದ ಮಾಡಬೇಡಿ, ಹಬ್ಬದ ದಿನ."

ಮೃತ್ಯುಂಜಯನವರು ಒಂದು ನಿಟ್ಟುಸಿರು ಬಿಟ್ಟು ಹಳೇ ಸ್ಕೂಟರ್ ಹತ್ತಿ ಹೊರಟರು. ಮೈಸೂರಿನಂಥ ಮೈಸೂರಿನಲ್ಲಿ ಒಂದು ಸ್ಪ್ಯಾನರ್ ಸಿಗುವುದಿಲ್ಲವೇ? ಮುಕ್ಕಾಲು ಗಂಟೆಯ ನಂತರ ಅವರು ವಾಪಸಾದಾಗ ಸ್ಕೂಟರಿನ ಮುಂದೆ ಒಂದು ಚೀಲ ತೂಗುತ್ತಿತ್ತು. ಪಾರ್ವತಮ್ಮ ಆಸೆಯಿಂದ ಚೀಲ ಬಿಚ್ಚಿದರು. ಒಳಗೆ ಕಡ್ಲೆಪುರಿ, ಬೂಂದಿಯ ಏಳು ಪೊಟ್ಟಣಗಳಿದ್ದವು.

"ಹೋದ ಕಡೆಯೆಲ್ಲ ಪ್ರಸಾದ ಕೊಟ್ಟು ಕಳಿಸ್ತಾರೆ ಕಣೇ. ಹಾರ್ಡ್‌ವೇರ್ ಅಂಗಡಿಯೋನು ಅರ್ಧ ಬಾಗಿಲು ಎಳೆದು ಕೂತಿದಾನೆ, ಪೂಜೆಗಿಟ್ಟ ಮಾಲು ಇವತ್ತು ಮಾರಲ್ವಂತೆ. ಕಡೆಗೆ ಮೆಕ್ಯಾನಿಕ್ ಚಿಕ್ಕಮಾದಯ್ಯನ ಹತ್ರ ಹೋದೆ. 'ಎಲ್ಲಾ ಸ್ಪ್ಯಾನರೂ ತಾಯಿ ಫೋಟೋ ಮುಂದೆ ಕುಂತವೆ ಸಾ, ಇವತ್ತು ನಾನ್ ಮುಟ್ಟಕಿಲ್ಲ. ನಾಳೆ ಬತ್ತೀನಿ ಬುಡಿ' ಅಂದ. ಎರಡು ಪೊಟ್ಟಣ ಜಾಸ್ತೀನೇ ಕೊಟ್ಟ."

ಗಂಟೆ ಹನ್ನೊಂದಾಗಿತ್ತು. ಪಾರ್ವತಮ್ಮ ರೇಷ್ಮೆ ಸೀರೆ ಉಟ್ಟು, ತಲೆತುಂಬ ಹೂ ಮುಡಿದು, ಮೆಟ್ಟಿಲ ಮೇಲೆ ಕೂತಿದ್ದರು. ಈಗ ಹೊರಟರೂ ಬಸ್ಸೇ ಗತಿ. ಇಪ್ಪತ್ತೇಳನೇ ಸಲ! ಅವರಿಗೆ ನಿಜವಾಗಿ ಅಳು ಬಂತು. ಗಂಡನ ಎದುರು ಅಳುವುದು ಬೇಡವೆಂದು ಎದ್ದು ಮಹಡಿ ಹತ್ತಿದರು.

ಮಹಡಿಯ ಕೋಣೆಯಲ್ಲಿ ಮಾರ್ತಾ ಬಾಡಿಗೆಗಿದ್ದಳು. ಯೋಗಶಾಲೆಗಳಿರುವ ಈ ಗೋಕುಲಂ ಬಡಾವಣೆಯಲ್ಲಿ ಮನೆ ಕಟ್ಟಿದವರೆಲ್ಲ ಮಹಡಿಯಲ್ಲಿ ಒಬ್ಬ ಪರದೇಶಿಯನ್ನು ಇಟ್ಟುಕೊಂಡೇ ಇರುತ್ತಾರೆ. ಇವಳು ಪೋಲೆಂಡಿನವಳು, ಯೋಗ ಕಲಿಯಲು ಬಂದು ಎರಡು ವರ್ಷವಾಗಿತ್ತು, ಕನ್ನಡವನ್ನೂ ಅಷ್ಟಿಷ್ಟು ಕಲಿತಿದ್ದಳು. ಅವಳ ಬಳಿ ಒಂದು ಸೈಕಲ್ಲೂ ಅದರ ರಿಪೇರಿಯ ಸಾಮಾನಿನ ಪೆಟ್ಟಿಗೆಯೂ ಇದ್ದುದು ಪಾರ್ವತಮ್ಮನಿಗೆ ಗೊತ್ತಿತ್ತು. ಪರದೇಶದವಳಿಗೆ ಯಾವ ಕಟ್ಟಲೆ?

ಬಾಗಿಲು ತೆರೆದ ಮಾರ್ತಾಳ ಹಣೆಯಲ್ಲಿ ವಿಭೂತಿಯಿತ್ತು. ಕೋಣೆಯ ನಟ್ಟನಡುವೆ ಸೈಕಲ್ಲು ಚೆಂಡುಹೂವಿನ ಹಾರ ಹಾಕಿಕೊಂಡು ನಿಂತಿತ್ತು. ಅದರ ಮುಂದೆ ಸ್ಪ್ಯಾನರುಗಳು ಸಾಲಾಗಿ ಕೂತಿದ್ದವು, ಒಂದೊಂದರ ನೆತ್ತಿಯಲ್ಲೂ ಕುಂಕುಮ.

"ಒಂದು ಹದಿನೇಳನೇ ನಂಬರ್ ಇದ್ರೆ ಕೊಡಮ್ಮ, ಐದು ನಿಮಿಷ," ಎಂದರು ಪಾರ್ವತಮ್ಮ.

ಮಾರ್ತಾ ಬಹಳ ನೊಂದುಕೊಂಡು ಕೈಮುಗಿದಳು. "ಅಮ್ಮಾ, ಇವತ್ತು ಸ್ಪ್ಯಾನರ್ ಕೂತಿದೆ. ನಾಳೆ ಏಳುತ್ತೆ. ನೀವೇ ಹೇಳಿದ್ದು. ಸೈಕಲ್ ಕೂಡ ಒಳಗೆ ಇದೆ, ನಾನು ಅರಮನೆಗೆ ನಡೆದು ಹೋಗ್ತೀನಿ."

ಹೌದು, ಅವರೇ ಹೇಳಿದ್ದು. ಹೋದ ವರ್ಷ ಇದೇ ಮಾರ್ತಾ ಪೂಜೆಯಾದ ಅರ್ಧ ಗಂಟೆಗೆ ಸೈಕಲ್ ಬಿಚ್ಚಲು ಹೊರಟಾಗ, ಅವಳನ್ನು ಎದುರಿಗೆ ಕೂರಿಸಿಕೊಂಡು, ಕಬ್ಬಿಣಕ್ಕೂ ವರ್ಷಕ್ಕೊಂದು ದಿನ ವಿಶ್ರಾಂತಿ ಬೇಕಮ್ಮ ಎಂದು ಒಂದು ಗಂಟೆ ಬುದ್ಧಿ ಹೇಳಿದ್ದರು. ಪಾರ್ವತಮ್ಮ ಮಹಡಿ ಇಳಿದರು.

ಇಳಿದವರು ನೇರ ದೇವರ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಅತ್ತೆಯ ಫೋಟೋ ಗೋಡೆಯಿಂದ ನೋಡುತ್ತಿತ್ತು. ಅದಕ್ಕೆ ಬೆನ್ನು ತಿರುಗಿಸಿ, ಪಾರ್ವತಮ್ಮ ಒಂದು ಕಾಯಿ ತಪ್ಪುಗಾಣಿಕೆ ಇಟ್ಟರು. ಕರ್ಪೂರ ಹಚ್ಚಿದರು. ಗಣಪತಿಯನ್ನು ಬಿಡುವ ಮುಂಚೆ ಮಾಡುವಂತೆ, ಹದಿನೇಳನೇ ನಂಬರನ್ನು ಬೆರಳ ತುದಿಯಿಂದ ಉತ್ತರ ದಿಕ್ಕಿಗೆ ಒಂದಿಷ್ಟು ಸರಿಸಿದರು.

"ತಾಯಿ, ಮಿಕ್ಕಿದ್ದಕ್ಕೆಲ್ಲ ನಾಳೇನೇ. ಇದೊಂದಕ್ಕೆ ಮಾತ್ರ ಇವತ್ತೇ ವಿಜಯದಶಮಿ ಅಂದ್ಕೋ."

ಸ್ಪ್ಯಾನರನ್ನು ರೇಷ್ಮೆ ಸೆರಗಿನೊಳಗೆ ಮುಚ್ಚಿಕೊಂಡು ಹೊರಗೆ ತಂದರು. ಮೃತ್ಯುಂಜಯನವರು ಬಾಯಿ ತೆರೆದರು.

"ಒಂದು ಮಾತೂ ಆಡಬೇಡಿ. ಬಿಗೀರಿ."

ಅವರು ಬಿಗಿದರು. ಎಣ್ಣೆ ಸುರಿದರು. ಈ ಸಲ ಎಣ್ಣೆ ಒಳಗೇ ನಿಂತಿತು. ಗಾಡಿ ಗುರ್ರೆಂದಿತು. ಕೆಳಗೆ ಬಗ್ಗಿ ನೋಡಿದರೆ ಒಂದು ಹನಿಯೂ ಸೋರುತ್ತಿರಲಿಲ್ಲ. ಪಾರ್ವತಮ್ಮ ಸ್ಪ್ಯಾನರನ್ನು ಒರೆಸಿ, ಮತ್ತೆ ವಿಭೂತಿ ಬಳಿದು, ಯಾರಿಗೂ ತಿಳಿಯದಂತೆ ಅದರ ಜಾಗದಲ್ಲಿ ಕೂರಿಸಿಬಿಡೋಣವೆಂದು ಕೈಯಲ್ಲಿ ಹಿಡಿದು ತಿರುಗಿದರು. ಮೆಟ್ಟಿಲ ಮೇಲೆ ಟೋಪಿ ಹಾಕಿಕೊಂಡು, ನೀರಿನ ಬಾಟಲಿ ಹಿಡಿದು, ನಡೆಯಲು ಸಿದ್ಧಳಾಗಿ ಮಾರ್ತಾ ನಿಂತಿದ್ದಳು. ಅವಳ ಕಣ್ಣು ಸ್ಪ್ಯಾನರಿನ ಮೇಲಿತ್ತು.

"ಅಮ್ಮಾ," ಎಂದಳು ಮಾರ್ತಾ. "ನಾಳೆ ಬಂತಾ?"

ಆ ಮುಖದಲ್ಲಿ ಕುಹಕ ಇದ್ದಿದ್ದರೆ ಪಾರ್ವತಮ್ಮ ಹೇಗೋ ಸಂಭಾಳಿಸುತ್ತಿದ್ದರು. ಹುಡುಗಿ ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದ್ದಳು.

"ಬಂತು ಕಣಮ್ಮ," ಎಂದರು ಪಾರ್ವತಮ್ಮ ನೆಲ ನೋಡುತ್ತಾ. "ನಮ್ಮನೆಗೆ ಸ್ವಲ್ಪ ಬೇಗ ಬಂತು."

ಮಾರ್ತಾಳಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಎರಡೆರಡು ಮೆಟ್ಟಿಲು ಹಾರಿ ಮೇಲೆ ಹೋದವಳು ಹಾರದ ಸಮೇತ ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ಇಳಿದಳು. ಗೇಟಿನಾಚೆ ಹತ್ತಿ, ಬೆಲ್ಲು ಬಾರಿಸುತ್ತಾ, ಸಿಕ್ಕ ಸಿಕ್ಕವರಿಗೆಲ್ಲ "ನಾಳೆ ಬಂತು, ಅಮ್ಮ ಹೇಳಿದ್ರು" ಎಂದು ಸಾರುತ್ತಾ ಬೀದಿಯುದ್ದಕ್ಕೂ ಹೊರಟಳು. ಹದಿನೈದು ವರ್ಷದಿಂದ ಈ ಬೀದಿಯ ಮನೆಮನೆಗೂ ಕಟ್ಟಲೆ ಹೇಳಿಕೊಟ್ಟಿದ್ದ ಪಾರ್ವತಮ್ಮ ಅದನ್ನು ನೋಡುತ್ತಾ ನಿಂತರು.

ಕಾಲು ಗಂಟೆಯ ಮೇಲೆ ದೊಡ್ಡ ಗಾಡಿ ನಾಲ್ಕೂ ನಿಂಬೆಹಣ್ಣುಗಳನ್ನು ಅಪ್ಪಚ್ಚಿ ಮಾಡಿ ಗಾಂಭೀರ್ಯದಿಂದ ಗೇಟು ದಾಟಿತು. ಎದುರುಮನೆಯ ವಸಂತಮ್ಮ ಕಾಂಪೌಂಡಿನ ಬಳಿ ನಿಂತು ಕೈ ಅಡ್ಡ ಮಾಡಿದರು. ಮೃತ್ಯುಂಜಯನವರು ಗಾಡಿ ನಿಲ್ಲಿಸಿ ಗಾಜು ಇಳಿಸಿದರು.

"ಏನಣ್ಣ, ಹಬ್ಬದ ದಿನ ಪಾರ್ವತಮ್ಮನವರನ್ನ ಬಿಟ್ಟು ಒಬ್ರೇ ಹೊರಟ್ರಾ?"

ಮೃತ್ಯುಂಜಯನವರು ಪಕ್ಕಕ್ಕೆ ತಿರುಗಿದರು. ಚರ್ಮದ ಸೀಟು ಖಾಲಿಯಿತ್ತು. ಅದರ ಕೆಳಗೆ, ಕಾಲಿಡುವ ಜಾಗದಲ್ಲಿ, ರೇಷ್ಮೆ ಸೀರೆಯ ಒಂದು ಮುದ್ದೆ ಕೂತಿತ್ತು.

"ಹೂಂ ಅನ್ನಿ," ಎಂದು ಕೆಳಗಿನಿಂದ ಪಾರ್ವತಮ್ಮ ಪಿಸುಗುಟ್ಟಿದರು.