ಗುಂಡಿ ಒತ್ತುವ ಗಾಜು

ಯಶವಂತಪುರದ ನಮ್ಮ ಗ್ಯಾರೇಜಿಗೆ ಬರುವ ಗಾಡಿಗಳ ಕಾಯಿಲೆ ಏನೆಂದು ಅವುಗಳ ಒಡೆಯರೇ ಮೊದಲು ಹೇಳಿಬಿಡುತ್ತಾರೆ. ಸಾಮಾನ್ಯವಾಗಿ ಅದು ಬೇರೆ ಏನೋ ಆಗಿರುತ್ತದೆ. ಅದು ತಿಳಿಯುವಷ್ಟರಲ್ಲಿ ಏನಾದರೊಂದು ನಡೆದುಹೋಗಿರುತ್ತದೆ. ಅರವತ್ತರ ದಶಕದಲ್ಲಿ ಬಂದ ಒಂದು ಕಾರಿನ ಸಂಗತಿ ಮಾತ್ರ ಇಲ್ಲಿ ಬರೆಯುತ್ತೇನೆ.

೧. ಹಿಡಿ

ಹೆಬ್ಬಾಳದ ಕಡೆ ದ್ರಾಕ್ಷಿ ತೋಟವಿದ್ದ ಗೌಡರೊಬ್ಬರು, ಊರು ಬಿಟ್ಟು ಹೊರಟ ವಿದೇಶಿ ದಂಪತಿಯಿಂದ ಒಂದು ಅಮೆರಿಕನ್ ಕಾರು ಕೊಂಡಿದ್ದರು. ಬೇಸಿಗೆಯ ಬಿಸಿಲಿನಲ್ಲಿ ನಾಲ್ಕೂ ಗಾಜು ಮುಚ್ಚಿಕೊಂಡೇ ಗ್ಯಾರೇಜಿಗೆ ಬಂದರು. ಬಾಗಿಲು ತೆರೆದಾಗ ಅವರೂ ಡ್ರೈವರೂ ಆಗತಾನೇ ಸ್ನಾನ ಮಾಡಿ ಎದ್ದವರಂತಿದ್ದರು.

"ಗಾಜು ಇಳಿಸೋ ಹಿಡೀನೇ ಇಲ್ಲ ಮೇಸ್ತ್ರಿ. ಮಾರಿದೋರು ಬಿಚ್ಕೊಂಡು ಹೋಗವ್ರೆ," ಎಂದು ಟವೆಲಿನ ಗಂಟು ಬಿಚ್ಚಿದರು. ಯಾವುದೋ ಹಳೆಯ ಲಾರಿಯ ನಾಲ್ಕು ಹಿಡಿಗಳಿದ್ದವು.

ಇಂಥ ಗಾಜುಗಳ ಬಗ್ಗೆ ನಾನು ಪತ್ರಿಕೆಯಲ್ಲಿ ಓದಿದ್ದೆ, ಕಂಡಿರಲಿಲ್ಲ. ಬಾಗಿಲ ಮೇಲಿನ ಗುಂಡಿ ತೋರಿಸಿ, ಇದನ್ನು ಒತ್ತಿದರೆ ಒಳಗಿನ ಸಣ್ಣ ಮೋಟರು ಗಾಜನ್ನು ಇಳಿಸುತ್ತದೆ ಎಂದೆ. ಗೌಡರು ಒತ್ತಿದರು. ಏನೂ ಆಗಲಿಲ್ಲ. ಅವರ ಮುಖ ಸಣ್ಣದಾಯಿತು.

"ಬರೋ ತಿಂಗಳು ಮಗಳ ಮದುವೆ, ರಾಜಾನುಕುಂಟೇಲಿ, ಗಂಡಿನ ಮನೆ ಮುಂದೆ. ನಮ್ಮವ್ವ ಬರ್ಬೇಕು. ಎತ್ತಿನ ಗಾಡಿ ಕುಲುಕಾಟಕ್ಕೆ ಸೊಂಟ ತಡೆಯಲ್ಲ, ಅದಕ್ಕೇ ಈ ಕಾರು ತಗೊಂಡಿದ್ದು. ಗಾಜು ಇಳೀದಿದ್ರೆ ಅವ್ವ ಹತ್ತಲ್ಲ."

ಮೋಟರು ಸರಿಮಾಡುತ್ತೇನೆ, ಹಿಡಿ ಬೇಕಾಗುವುದಿಲ್ಲ ಎಂದೆ. ಗೌಡರು ಗಂಟಿನಿಂದ ಒಂದು ಹಿಡಿ ತೆಗೆದು ನನ್ನ ಕೈಗಿಟ್ಟರು.

"ಒಂದಾದ್ರೂ ಹಾಕ್ಬುಡಿ. ತಿರುಗದಿದ್ರೂ ಪರವಾಗಿಲ್ಲ. ನೋಡ್ತಿದ್ರೆ ಧೈರ್ಯ ಇರ್ತದೆ."

೨. ಶುಕ್ರವಾರ

ಬ್ಯಾಟರಿಯಿಂದ ನೇರವಾಗಿ ತಂತಿ ಕೊಟ್ಟಾಗ ಮೋಟರು ತಿರುಗಿತು. ಹಾಗಾದರೆ ದೋಷ ಗುಂಡಿಯದು. ಬಿಚ್ಚಿದೆ. ಲಾರಿಗಳಲ್ಲಿ ಇಲಿ ಕಡಿದ ತಂತಿ ನೋಡಿದ್ದೇನೆ, ಇದು ಹೊಸದು. ಒಳಗೆ ಅರಿಶಿನ, ಕುಂಕುಮ, ಮೂರು ಕಾಳು ಅಕ್ಷತೆ. ಎಲ್ಲವನ್ನೂ ಅಂಟಿಸಿ ಹಿಡಿದಿದ್ದು ಒಣಗಿದ ತೆಂಗಿನಕಾಯಿ ನೀರು. ಗೌಡರಿಗೆ ತೋರಿಸಿದೆ. ಅವರು ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು.

"ಶುಕ್ರವಾರ ಶುಕ್ರವಾರ ನಮ್ಮವ್ವ ಪೂಜೆ ಮಾಡ್ತಾಳೆ. ಹೊಳೆಯೋದು ಏನ್ ಕಂಡ್ರೂ ಬಿಡಲ್ಲ."

"ಗುಂಡಿಗೆ ಮಾತ್ರ ಬೇಡ ಅಂತ ಹೇಳಿ."

"ನೀವೇ ಹೇಳಿ ಮೇಸ್ತ್ರಿ. ನಾನು ಅವಳ ಮಗ."

ಮರುದಿನ ಹೆಬ್ಬಾಳಕ್ಕೆ ಹೋದೆ. ಮುದುಕಿ ಜಗಲಿಯ ಮೇಲೆ ಎಲೆಗೆ ಸುಣ್ಣ ಹಚ್ಚುತ್ತಾ ಕೂತಿದ್ದರು. ನನ್ನ ಮಾತಿಗೆ ಮೊದಲೇ ಅವರು ಹೇಳಿದರು:

"ನಮ್ಮ ಯಜಮಾನ್ರನ್ನ ಆಸ್ಪತ್ರೆಗೆ ಎಲ್ಲಾ ಕಡೆ ಮುಚ್ಚಿದ್ ಗಾಡೀಲಿ ಕರ್ಕೊಂಡೋದ್ರು. ಮಕ ನೋಡಾಕೆ ಒಂದು ಸಂದಿ ಇರ್ನಿಲ್ಲ. ಅವ್ರು ತಿರುಗಿ ಬರ್ನಿಲ್ಲ. ಅವತ್ತಿಂದ ಮುಚ್ಚಿದ್ರಾಗೆ ನಾನು ಕುಂತ್ಕಳಾಕಿಲ್ಲ ಕಣಪ್ಪಾ."

ನಾನು ಜಗಲಿಯ ಅಂಚಿನಲ್ಲಿ ಕೂತೆ. ಆಮೇಲೆ ನಿಧಾನವಾಗಿ ವಿವರಿಸಿದೆ. ಗುಂಡಿಯೊಳಗೆ ಕರೆಂಟು ಹರಿಯುತ್ತದೆ, ಕಾಯಿ ನೀರು ಬಿದ್ದರೆ ಗಾಜು ನಿಂತುಹೋಗುತ್ತದೆ.

"ಎಲ್ಲೈತೋ ಅಲ್ಲೇ ನಿಂತ್ಬುಡ್ತದಾ?"

"ಎಲ್ಲಿದೆಯೋ ಅಲ್ಲೇ, ಅಮ್ಮಾ."

"ಯಾರು ಒತ್ತುದ್ರೂ ಅಲ್ಲಾಡಾಕಿಲ್ವಾ?"

"ಯಾರು ಒತ್ತಿದರೂ ಇಲ್ಲ."

ಅವರು ತಲೆಯಾಡಿಸಿದರು. ನನ್ನ ಕೆಲಸವನ್ನು ಇಷ್ಟು ಚೆನ್ನಾಗಿ ಅರ್ಥ ಮಾಡಿಕೊಂಡವರು ಇನ್ನೊಬ್ಬರಿಲ್ಲ ಎಂದುಕೊಂಡು ಹಿಂದಿರುಗಿದೆ.

೩. ತೊಳೆದ ಗಾಜು

ಗುಂಡಿಗಳನ್ನು ತೊಳೆದು, ಉಜ್ಜಿ ಜೋಡಿಸಿದೆ. ಗಾಜುಗಳನ್ನು ಒದ್ದೆ ಕಾಗದದಿಂದ ಒರೆಸಿ ಕಾರನ್ನು ಗೌಡರ ಮನೆಯ ಹೊಂಗೆ ಮರದಡಿ ನಿಲ್ಲಿಸಿದೆ. ಬಾಗಿಲು ತೆರೆದೇ ಇರಬೇಕೆಂಬ ಕರಾರಿನ ಮೇಲೆ ಮುದುಕಿ ಹಿಂದಿನ ಸೀಟಿನಲ್ಲಿ ಕೂತರು. ಗೌಡರು ಹತ್ತಿರವೇ ನಿಂತಿದ್ದರು. ಒಂದು ಕಡೆಯ ಗಾಜು ಇಳಿಸಿ, ಏರಿಸಿ ತೋರಿಸಿದೆ. ಸದ್ದೇ ಇಲ್ಲ. ಅವರಿಗೆ ಸಮಾಧಾನವಾದಂತೆ ಕಂಡಿತು. ಇನ್ನೊಂದು ಕಡೆಗೆ ತಿರುಗಿ ಬಾಯಿತುಂಬ ಇದ್ದ ಎಲೆಅಡಿಕೆಯನ್ನು ಹೊರಕ್ಕೆ ಉಗುಳಿದರು.

ಅದು ಹೊರಗೆ ಹೋಗಲಿಲ್ಲ.

ಗಾಜಿನ ಮೇಲೆ ಕೆಂಪಗೆ ಇಳಿಯುತ್ತಿದ್ದುದನ್ನು ಮೂವರೂ ನೋಡಿದೆವು. ಗೌಡರು ಮರದ ಕಡೆ ಮುಖ ಮಾಡಿದರು.

"ಮುಚ್ಚೈತೆ ಅಂತ ಗೊತ್ತೇ ಆಗ್ನಿಲ್ವಲ್ಲೋ," ಎಂದರು ಮುದುಕಿ. ದನಿಯಲ್ಲಿ ಭಯವಿತ್ತು. "ಇಂಗಾದ್ರೆ ನಾ ಬರಾಕಿಲ್ಲ. ಬರ್ಬೇಕು ಅಂದ್ರೆ ಈ ಮೇಸ್ತ್ರಿ ಪಕ್ಕದಾಗೆ ಕುಂತ್ಕಳ್ಳಿ."

ಗಾಜು ಒರೆಸಿದ್ದಕ್ಕೆ ಹೀಗೆ ಶಿಕ್ಷೆಯಾದ ಮೆಕ್ಯಾನಿಕ್ಕು ನಾನೊಬ್ಬನೇ ಇರಬೇಕು.

೪. ಯಲಹಂಕ ದಾಟಿದ ಮೇಲೆ

ಮದುವೆಯ ದಿನ ಹೊರಡುವಾಗ ಕಾರಿನ ಚಕ್ರದ ಮುಂದೆ ತೆಂಗಿನಕಾಯಿ ಒಡೆದರು. ಮುದುಕಿ ಅದರ ನೀರನ್ನು ಒಂದು ಸಣ್ಣ ಚೊಂಬಿಗೆ ಹಿಡಿಸಿಕೊಂಡು, ಮಡಿಲಲ್ಲಿಟ್ಟುಕೊಂಡು ಕೂತರು. ದಾರಿಗೆ ತೀರ್ಥ ಎಂದುಕೊಂಡೆ. ಅವರ ಕಡೆಯ ಗಾಜು ಪೂರ್ತಿ ಇಳಿದಿತ್ತು. ಉಳಿದವು ಮುಚ್ಚಿದ್ದವು, ಮುಂದೆ ಕೂತ ಗೌಡರಿಗೆ ಜರಿಪೇಟದ ಚಿಂತೆ.

ಯಲಹಂಕ ದಾಟಿದ ಮೇಲೆ ಒಂದು ಲಾರಿ ಕೆಂಧೂಳು ಎಬ್ಬಿಸುತ್ತಾ ಎದುರಿಗೆ ಬಂತು. "ಅವ್ವನ ಸೀರೆ ಹಾಳಾಯ್ತದೆ, ಹಿಂದಿನ ಗಾಜು ಏರ್ಸೋ," ಎಂದರು ಗೌಡರು. ಡ್ರೈವರನ ಬಾಗಿಲಲ್ಲಿ ನಾಲ್ಕೂ ಗಾಜಿನ ಗುಂಡಿಗಳಿದ್ದವು, ಅವನು ಒಂದನ್ನು ಒತ್ತಿದ. ಗಾಜು ಬೆಣ್ಣೆಯಂತೆ ಏರತೊಡಗಿತು. ನನ್ನ ಕೆಲಸ ನೋಡಿ ನಾನೇ ಮೆಚ್ಚಿಕೊಂಡೆ.

ಮುದುಕಿ ಗಾಜನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. ಚೊಂಬನ್ನು ತಮ್ಮ ಬಾಗಿಲ ಗುಂಡಿಯ ಮೇಲೆ ಬಗ್ಗಿಸಿದರು.

ಟಪ್ ಎಂದಿತು. ಗಾಜು ನಾಲ್ಕು ಬೆರಳು ಏರಿದ್ದಲ್ಲೇ ನಿಂತಿತು.

"ಅಮ್ಮಾ, ನೀರು ಹಾಕಬೇಡಿ ಅಂದಿದ್ದೆನಲ್ಲ!"

"ಎಲ್ಲೈತೋ ಅಲ್ಲೇ ನಿಲ್ತದೆ ಅಂದಿದ್ದೂ ನೀನೇ ಅಲ್ವೇನಪ್ಪಾ?"

ನಾಲ್ಕು ಗಾಜಿಗೂ ಫ್ಯೂಸು ಒಂದೇ, ಅದು ಸುಟ್ಟುಹೋಗಿತ್ತು. ಗೌಡರು ತಮ್ಮ ಗುಂಡಿಯನ್ನು ಒತ್ತಿದರು, ಮತ್ತೆ ಒತ್ತಿದರು. ಮುಚ್ಚಿದ ಗಾಜಿನ ಪಕ್ಕ, ಕೋಟಿನೊಳಗೆ, ಬೆವರು ಇಳಿಯತೊಡಗಿತು. ಒಂದು ಮೈಲಿ ಕಳೆದ ಮೇಲೆ ಹಿಂದಕ್ಕೆ ತಿರುಗಿದರು.

"ಮೇಸ್ತ್ರಿ, ಆ ಲಾರಿ ಹಿಡಿ ಎಲ್ಲಿಟ್ರಿ?"

ಮುದುಕಿ ರಾಜಾನುಕುಂಟೆಯವರೆಗೂ ಗಾಳಿಗೆ ಮುಖವೊಡ್ಡಿ ಕೂತಿದ್ದರು. ಇಳಿದಾಗ ಮುಖ, ಕೂದಲು ಎಲ್ಲ ಕೆಂಪು. ಅದೇ ಮುಖದಲ್ಲಿ ಮುಂದಿನ ಸಾಲಿನಲ್ಲಿ ಕೂತು ಮೊಮ್ಮಗಳ ಧಾರೆ ನೋಡಿದರು. ಗಂಡನನ್ನು ಕೊನೆಯ ಸಲ ನೋಡಲಾಗದ ಕಣ್ಣುಗಳು ಅವು. ನಾನು ಬೇರೆ ಕಡೆ ನೋಡಿದೆ.

ಊಟದ ಪಂಕ್ತಿಯಲ್ಲಿ ನನ್ನನ್ನು ಪಕ್ಕದಲ್ಲೇ ಕೂರಿಸಿಕೊಂಡು ಬಡಿಸುವವನಿಗೆ ಹೇಳಿದರು:

"ಇವ್ನು ನಮ್ಮ ಕಾರ್ ಮೇಸ್ತ್ರಿ. ಗಾಜು ರಿಪೇರಿ ಮಾಡಾಕೆ ಪಾಪ ಒಂದು ತಿಂಗ್ಳಿಂದ ಒದ್ದಾಡ್ತಿದ್ದ. ಇವತ್ತು ದಾರೀಲಿ ನಾನೇ ಮಾಡ್ಬುಟ್ಟೆ. ಆದ್ರೂ ಇವ್ನಿಗೂ ಒಂದು ಲಾಡು ಜಾಸ್ತಿ ಆಕು."