ಕಾಕುವಿನ ಖಾಲಿ ಕಪ್ಪಿನ ಚಹಾ

ನಮ್ಮ ಕಾಕುವಿನ ಮನೆಯ ಚಹಾ ಕುಡಿದು ಇವತ್ತಿನವರೆಗೆ ಒಬ್ಬರಿಗೂ ಪಿತ್ತವಾಗಿಲ್ಲ. ಆಗುವುದಾದರೂ ಹೇಗೆ? ಕಪ್ಪಿನಲ್ಲಿ ಚಹಾ ಇದ್ದರೆ ತಾನೆ!

ಕಾಕು ಎಂದರೆ ನನ್ನ ಚಿಕ್ಕಪ್ಪನ ಹೆಂಡತಿ, ರಾಯಚೂರಿನವಳು. ಕಾಕಾನ ರೈಲ್ವೆ ನೌಕರಿಯ ಹಿಂದೆ ಮಲ್ಕಾಜ್‌ಗಿರಿಗೆ ಬಂದು, ಮನೆಯ ಪಡಸಾಲೆಯಲ್ಲೇ ಬಾಲವಾಡಿ ತೆರೆದಿದ್ದಳು. ಊರಾಚೆಯ ಮಾದಾಪುರದಲ್ಲಿ ಸಾಫ್ಟ್‌ವೇರ್ ಕಂಪನಿಗಳ ಗಾಜಿನ ಕಟ್ಟಡಗಳು ಏಳುತ್ತಿದ್ದ ಕಾಲ; ಉಳಿದ ಶಾಲೆಗಳ ಬೋರ್ಡಿನ ಮೇಲೆಲ್ಲ ಕಂಪ್ಯೂಟರಿನ ಚಿತ್ರ. ಕಾಕುವಿನ ಹತ್ತಿರ ಮಾತ್ರ ಮಕ್ಕಳ ಹೋಟೆಲ್ ಆಟಕ್ಕೆಂದು ಬೇಗಂ ಬಜಾರಿನ ಅಗ್ಗದ ಕಪ್ಪು-ಬಸಿ, ಒಂದು ಸೊಟ್ಟ ಕೆಟಲ್! "ಆಟದಾಗ ಬರಲಾರದ್ದು ಪಾಟಿ ಮ್ಯಾಲೆ ಎಲ್ಲಿಂದ ಬರಬೇಕು?" ಎಂಬುದು ಅವಳ ವಾದ.

ಒಮ್ಮೆ ಉರಿ ಬಿಸಿಲಲ್ಲಿ ಹೋಗಿ ಕುಳಿತೆ. ನನ್ನ ಮೊಳಕಾಲೆತ್ತರದ ಹೋಟೆಲ್ ಮಾಲಕಿಯೊಬ್ಬಳು ಖಾಲಿ ಕಪ್ಪು ತಂದುಕೊಟ್ಟಳು. ಗಟಗಟ ಕುಡಿದಂತೆ ಮಾಡಿ ಕೆಳಗಿಟ್ಟೆ.

"ಅಯ್ಯ ನಿನ್ನ! ಕುದಿಯೋ ಚಹಾ ಹಂಗ್ಯಾರರೆ ಕುಡೀತಾರೇನು? ನಾಲಿಗಿ ಸುಡಲಿಲ್ಲೇನು?" ಎಂದು ಕಾಕು ಗದರಿದಳು.

ಸುಟ್ಟಿತೆಂದು ಒಪ್ಪಿಕೊಂಡೆ. ನಾಲಿಗೆಗೆ ಸಕ್ಕರೆ ಹಚ್ಚಿದರು. ಅದೂ ಸುಳ್ಳು ಸಕ್ಕರೆಯೇ!

ಆ ಮಾಲಕಿಗೆ ನಾಲ್ಕು ವರ್ಷ. ಬಂದ ಹೊಸದರಲ್ಲಿ ಪಿಟ್ಟೆನ್ನದೆ ಮೂಲೆ ಹಿಡಿದಿದ್ದಳಂತೆ. ಕಾಕು ಅವಳ ಕೈಗೆ ಕೆಟಲ್ ಕೊಟ್ಟು, "ಅಕ್ಕಾರ, ಒಂದ್ ಚಹಾ ಕೊಡ್ರಿ, ತಲಿ ಸಿಡ್ಯಾಕತ್ತೈತಿ" ಎಂದು ದಿನಾ ಎದುರು ಕುಳಿತಳು. ಕಡೆಗೊಂದು ದಿನ ಉತ್ತರ ಬಂತು: "ಸಕ್ಕರಿ ಎಷ್ಟ್ ಹಾಕ್ಲಿ?" ಹೋಟೆಲಿನ ಹೊರಗೆ ಮಾತ್ರ ಈಗಲೂ ಮೌನವೇ.

ಗೋಡೆಯ ಗೂಡಿನಲ್ಲಿ ಬಸಿ ಮುಚ್ಚಿಟ್ಟ ಕಪ್ಪೊಂದಿತ್ತು. ತೊಳೆಯಲೆಂದು ಕೈ ಹಾಕಿದೆ.

"ಮುಟ್ಟಬ್ಯಾಡ್ರಿ! ಅದು ಅಪ್ಪಂದು. ಆಫೀಸಿಂದ ಬಂದ್ ಕುಡೀತಾನ!" ಎಂದು ಮಾಲಕಿ ಚೀರಿದಳು.

ಅಪ್ಪ ಮನೆಗೆ ಬರುವ ಹೊತ್ತಿಗೆ ಕೂಸು ಮಲಗಿರುತ್ತದೆ ಎಂದು ಕಾಕು ಆಮೇಲೆ ಹೇಳಿದಳು.

ಒಂದು ಶನಿವಾರ ಅಪ್ಪ ನಿಜವಾಗಿಯೂ ಬಂದ. ನಾನೂ ಅಲ್ಲೇ ಇದ್ದೆ. ಮಾದಾಪುರದ ಎಂಜಿನಿಯರು, ನಮ್ಮ ರಾಯಚೂರು ಕಡೆಯವನೇ. ಹೊಸ್ತಿಲಲ್ಲೇ ನಿಂತು ಶುರುಮಾಡಿದ: "ಮಗಳನ್ನ ಬಿಡಸ್ತೀನ್ರಿ. ದೊಡ್ಡ ಶಾಲಿ ಇಂಟರ್‌ವ್ಯೂನಾಗ ಒಂದ್ ಮಾತೂ ಆಡಲಿಲ್ಲ. ನೀವು ನೋಡಿದ್ರ ಬರೀ ಖಾಲಿ ಕಪ್ ಆಡಸಾಕತ್ತೀರಿ!"

"ಬಿಡಸ್ರಿ. ಚಹಾ ಕುಡದು ಕರಕೊಂಡು ಹೋಗ್ರಿ" ಎಂದಳು ಕಾಕು.

ಜಗಳಕ್ಕೆ ಬಂದವರೂ ಚಹಾ ಬೇಡವೆನ್ನುವಂತಿಲ್ಲ, ಅದು ನಮ್ಮ ಕಡೆಯ ಪದ್ಧತಿ. ಪಾಪ, ಕುಳಿತ. ಮಾಲಕಿ ಗೂಡಿನ ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದು ತಂದಳು. ಅವನು ಬಸಿ ಎತ್ತಿ ನೋಡಿದ.

"ಇದರಾಗ ಏನೂ ಇಲ್ಲಲ್ರಿ!"

ಹುಡುಗಿಯ ಮುಖ ಸಣ್ಣದಾಯಿತು. ಇನ್ನು ಈ ಕೂಸು ಬಾಯಿ ಬಿಡುವುದುಂಟೆ?

"ದಿನಾ ನಿನಗಂತ ಇಟ್ಟಿರ್ತೀನಪ್ಪಾ" ಎಂದಳು ಮೆಲ್ಲಗೆ. "ನೀ ಬರಲೇ ಇಲ್ಲ. ಆರಿಹೋತೇನು?"

ಅಪ್ಪನ ಕಿಸೆಯಲ್ಲಿ ಮೊಬೈಲ್ ಹೊಡೆದುಕೊಳ್ಳತೊಡಗಿತು. ಅವನು ತೆಗೆಯಲಿಲ್ಲ. ಕಪ್ಪನ್ನು ತುಟಿಯ ಹತ್ತಿರ ತಂದು, ಊದಿ ಊದಿ ಕುಡಿದ.

"ಇಲ್ಲವ್ವಾ, ಬಿಸಿನ ಐತಿ" ಎಂದ. "ಇನ್ನರ್ಧಾ ಕಪ್ ಹಾಕು. ಸೋಮವಾರನೂ ಒಂದ್ ಇಡು, ಲಗೂನ ಬರ್ತೀನಿ."

ಕಾಕು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ನಾನು ನೋಡಿದ್ದು ಕಂಡು ಗದರಿದಳು: "ಏನ್ ನೋಡ್ತಿ? ಒಲಿ ಹೊಗಿ ಭಾಳ ಆಗೇತಿ!"

ಒಲೆ ಎಲ್ಲಿತ್ತು? ನನ್ನ ಕಣ್ಣಿಗೂ ಅದೇ ಹೊಗೆ ಹೋಗಿತ್ತು.